ಜಿಪ್ಸಿಯ ಕ್ಲಚ್ ಜಾರಿದಾಗ: ಹ್ಯಾಂಡ್‌ಬ್ರೇಕ್ ಪರೀಕ್ಷೆಯೋ, ಮಣಿಪಾಲದ ಏರೋ?

ಉಡುಪಿ ಜಿಲ್ಲೆಯ ಹಿರಿಯಡ್ಕದಿಂದ ಒಳಗೆ ನಮ್ಮ ತೋಟಕ್ಕೆ ಹೋಗುವ ದಾರಿಗೆ ಒಂದು ತೋಡು (ಸಣ್ಣ ಹಳ್ಳ) ಅಡ್ಡ ಬರುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಅದರ ನೀರು ಮೊಣಕಾಲು ಮುಟ್ಟುತ್ತದೆ. ಆ ತೋಡಿಗಾಗಿಯೇ ನನ್ನ 1999ರ ಮಾರುತಿ ಜಿಪ್ಸಿಯನ್ನು ಇಂದಿಗೂ ಮಾರದೆ ಇಟ್ಟುಕೊಂಡಿದ್ದೇನೆ. 1298 ಸಿಸಿ ಎಂಜಿನ್, ಕಾರ್ಬುರೇಟರ್, ಐದು ಗೇರ್, ಕೇಬಲ್ ಎಳೆದು ಬಿಡಿಸುವ ಕ್ಲಚ್. ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವುದು, ಬೇಕಾದಾಗ ಬಿಡಿಸುವುದು ಕ್ಲಚ್ಚಿನ ಕೆಲಸ; ಅದರ ಪ್ಲೇಟ್ ಎಂಜಿನ್ನಿನ ಫ್ಲೈವೀಲನ್ನು ಗಟ್ಟಿಯಾಗಿ ಹಿಡಿಯದೆ ಹೋದರೆ ಜಾರುತ್ತದೆ. ಎರಡು ವರ್ಷಗಳಲ್ಲಿ ಎರಡು ಬಾರಿ ಈ ಕ್ಲಚ್ ಕೈಕೊಟ್ಟಿತು. ಎರಡೂ ಸಲ ಲಕ್ಷಣ ಒಂದೇ, ಕಾರಣ ಮಾತ್ರ ಬೇರೆ ಬೇರೆ. ಕಾರಣ ಹುಡುಕಲು ನಾನು ಹಿಡಿದ ದಾರಿಗಳಲ್ಲಿ ಯಾವುದು ನಿಜ ಹೇಳಿತು, ಯಾವುದು ದಾರಿ ತಪ್ಪಿಸಿತು ಎನ್ನುವುದನ್ನು ಬರೆಯುತ್ತಿದ್ದೇನೆ. ಹಳೆಯ ಜಿಪ್ಸಿ, ಜೀಪು ಇಟ್ಟುಕೊಂಡವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಅವರಲ್ಲಿ ಒಬ್ಬರಾದರೂ ಅನಗತ್ಯವಾಗಿ ಗೇರ್‌ಬಾಕ್ಸ್ ಇಳಿಸುವುದು ತಪ್ಪಿದರೆ ನನಗೆ ಸಂತೋಷ.

ಮೊದಲ ಸಲ ತೊಂದರೆ ಗೊತ್ತಾದದ್ದು ಅಡಿಕೆ ಮೂಟೆ ಹೇರಿಕೊಂಡು ಉಡುಪಿಗೆ ಬರುವಾಗ. ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಕಿಟಕಿ ತೆರೆದರೆ ಬ್ರೇಕ್ ಲೈನಿಂಗ್ ಸುಟ್ಟಂತಹ ವಾಸನೆ. ಗ್ಯಾರೇಜಿಗೆ ಕೊಂಡುಹೋದೆ. ಅಲ್ಲಿಯ ಹುಡುಗ ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೆಡಲ್ ಒತ್ತಿ, ಮೂರನೆಯ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಟ್ಟ. ಎಂಜಿನ್ ತಟ್ಟನೆ ಬಂದ್ ಆಯಿತು. "ಕ್ಲಚ್ ಪ್ಲೇಟ್ ಗಟ್ಟಿ ಇದೆ ಮಾರಾಯರೇ, ಎಂಜಿನ್ನೇ ಎಳೆಯುತ್ತಿಲ್ಲ, ಕಾರ್ಬುರೇಟರ್ ಬಿಚ್ಚಬೇಕು" ಎಂದ. ಕಾರ್ಬುರೇಟರ್ ಬಿಚ್ಚಿ ತೊಳೆದದ್ದಾಯಿತು. ಮರುದಿನ ಅದೇ ಏರಿನಲ್ಲಿ ಅದೇ ಕೂಗು, ಅದೇ ವಾಸನೆ.

ಹ್ಯಾಂಡ್‌ಬ್ರೇಕ್ ಪರೀಕ್ಷೆ ಸುಳ್ಳಲ್ಲ. ಆದರೆ ಅದು ಪೂರ್ತಿ ಸತ್ತ ಕ್ಲಚ್ಚನ್ನು ಮಾತ್ರ ಹಿಡಿಯುತ್ತದೆ. ನಿಂತ ಗಾಡಿಯಲ್ಲಿ, ಕಡಿಮೆ ವೇಗದಲ್ಲಿ ತಿರುಗುವ ಎಂಜಿನ್ ಕ್ಲಚ್ ಮೇಲೆ ಹೇರುವ ಬಲ ಸ್ವಲ್ಪವೇ. ಅಷ್ಟನ್ನು ಅರ್ಧ ಸವೆದ ಪ್ಲೇಟ್ ಕೂಡ ತಡೆದುಕೊಳ್ಳುತ್ತದೆ. ಅದರಲ್ಲೂ ಗ್ಯಾರೇಜಿನಲ್ಲಿ ಬೆಳಿಗ್ಗೆಯಿಂದ ನಿಂತು ತಣ್ಣಗಾದ ಪ್ಲೇಟ್ ಚೆನ್ನಾಗಿಯೇ ಹಿಡಿಯುತ್ತದೆ. ಜಾರುವುದು ಬಿಸಿಯಾದ ಮೇಲೆ, ಎಂಜಿನ್ ಪೂರ್ತಿ ಬಲ ಹಾಕಿದಾಗ. ಹೀಗಾಗಿ ಎಂಜಿನ್ ಬಂದ್ ಆಗದೆ ಓಡುತ್ತಲೇ ಇದ್ದರೆ ಕ್ಲಚ್ ಹೋಗಿದೆ ಎಂದು ಖಚಿತವಾಗಿ ಹೇಳಬಹುದು. ಬಂದ್ ಆಯಿತೆಂದು ಕ್ಲಚ್ ಸರಿ ಇದೆ ಎನ್ನಲಾಗದು. ಇದನ್ನು ಮತ್ತೆ ಮತ್ತೆ ಮಾಡಿದರೆ ಚೆನ್ನಾಗಿದ್ದ ಪ್ಲೇಟೂ ಸುಡುತ್ತದೆ. ಒಂದು ಸಲ ಸಾಕು, ಆಗ ಗಾಡಿಯ ಮುಂದೆ ಯಾರೂ ನಿಲ್ಲಬಾರದು.

ನನ್ನ ಪಾಲಿಗೆ ನಿಜ ಹೇಳಿದ್ದು ಏರು. ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ವಾಹನಗಳ ಓಡಾಟ ಶುರುವಾಗುವ ಮೊದಲು, ಇಪ್ಪತ್ತು ನಿಮಿಷ ಸುತ್ತಾಡಿಸಿ ಗಾಡಿಯನ್ನು ಬಿಸಿ ಮಾಡಿದೆ. ಇಂದ್ರಾಳಿ ಸೇತುವೆ ದಾಟಿ ಮಣಿಪಾಲಕ್ಕೆ ಏರುವ ರಸ್ತೆಯಲ್ಲಿ ನಾಲ್ಕನೆಯ ಗೇರಿನಲ್ಲಿ ಸುಮಾರು 40 ಕಿಲೋಮೀಟರ್ ವೇಗದಲ್ಲಿದ್ದಾಗ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದೆ. ಮೊದಲ ಎರಡು ಸೆಕೆಂಡು ಏನೂ ಇಲ್ಲ. ಆಮೇಲೆ ಎಂಜಿನ್ ಸದ್ದು ಮೇಲೇರಿತು, ಸ್ಪೀಡೋಮೀಟರ್ ಮುಳ್ಳು 42ರಲ್ಲೇ ನಿಂತಿತು. ಕಾಲು ತೆಗೆದ ಕೂಡಲೇ ಸದ್ದು ಇಳಿದು ವೇಗಕ್ಕೆ ಬಂದು ಸೇರಿಕೊಂಡಿತು. ಇಷ್ಟು ನೋಡಿದ ಮೇಲೆ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಎಂಜಿನ್ ಸೋತಿದ್ದರೆ ಸದ್ದೂ ವೇಗವೂ ಜೊತೆಯಾಗಿ ಇಳಿಯುತ್ತವೆ. ಸದ್ದು ಒಂದೇ ಏರಿದರೆ ಅದು ಕ್ಲಚ್. ಕಾರ್ಬುರೇಟರ್ ಬಿಚ್ಚುವ ಮೊದಲು ಈ ಅರ್ಧ ಗಂಟೆಯ ಕೆಲಸ ಮಾಡಿದ್ದರೆ ಒಂದು ಇಡೀ ದಿನ ಉಳಿಯುತ್ತಿತ್ತು.

ಅದೇ ಏರಿನಲ್ಲಿ ಎರಡನೆಯ ಗೇರಿನಲ್ಲಿ ಜಾರಲೇ ಇಲ್ಲ. ಕೆಳಗಿನ ಗೇರಿನಲ್ಲಿ ಗಾಡಿ ಬೇಗ ಮುಂದಕ್ಕೆ ನುಗ್ಗುವುದರಿಂದ ಪೂರ್ತಿ ಭಾರ ಕ್ಲಚ್ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಫೋರ್‌ವೀಲ್ ಡ್ರೈವ್ ಗಾಡಿಯವರು ಮೋಸ ಹೋಗುವುದು ಇಲ್ಲಿಯೇ. ಲೋ ರೇಂಜಿನ (ವೇಗ ಇಳಿಸಿ ಎಳೆತ ಹೆಚ್ಚಿಸುವ ಗೇರಿನ) ಹಲ್ಲುಗಳು ಇರುವುದು ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ, ಅಂದರೆ ಕ್ಲಚ್‌ನಿಂದ ಆಚೆಗೆ. ಲೋ ರೇಂಜಿಗೆ ಹಾಕಿದೊಡನೆ ಕ್ಲಚ್‌ಗೆ ಭಾರ ಹಗುರವಾಗುತ್ತದೆ. ತೋಡು ದಾಟುವಾಗ, ಕೆಸರಿನಲ್ಲಿ ಹತ್ತುವಾಗ ನನ್ನ ಜಿಪ್ಸಿ ಆನೆಯಂತೆ ನಡೆಯುತ್ತಿತ್ತು. ಹೀಗಿರುವಾಗ ಕ್ಲಚ್ ಮೇಲೆ ಅನುಮಾನ ಬರುವುದಾದರೂ ಹೇಗೆ? ಒಂದು ತಿಂಗಳು ಹಾಗೆಯೇ ಕಳೆಯಿತು. ಕಂಪನಿಯ ಅಳತೆಗಿಂತ ದೊಡ್ಡ ಟೈರ್ ಹಾಕಿಸಿಕೊಂಡವರಿಗೆ ಪರಿಸ್ಥಿತಿ ಇದಕ್ಕೆ ತಿರುಗುಮುರುಗು: ಅವರ ಕ್ಲಚ್ ಸದಾ ಹೆಚ್ಚಿನ ಭಾರ ಹೊರುತ್ತಿರುತ್ತದೆ, ಜಾರುವುದೂ ಬೇಗ.

ಏರು ರೋಗವನ್ನು ಹೇಳಿತು, ಕಾರಣವನ್ನು ಹೇಳಲಿಲ್ಲ. ಅದನ್ನು ಹೇಳಿದ್ದು ಕೈ. ಕ್ಲಚ್ ಪೆಡಲನ್ನು ಕಾಲಿನಿಂದಲ್ಲ, ಬೆರಳಿನಿಂದ ಒತ್ತಿ ನೋಡಬೇಕು. ಸ್ಪ್ರಿಂಗಿನ ಬಿಗಿ ಸಿಗುವ ಮೊದಲು ಪೆಡಲ್ ಒಂದಿಷ್ಟು ಸಡಿಲವಾಗಿ ಇಳಿಯಬೇಕು. ಜಿಪ್ಸಿಯಲ್ಲಿ ಇದು 20 ಮಿಲಿಮೀಟರಿನ ಆಸುಪಾಸು. ನನ್ನದರಲ್ಲಿ ಒಂದು ಕೂದಲೆಳೆಯಷ್ಟೂ ಇರಲಿಲ್ಲ. ಚಕ್ರಗಳಿಗೆ ಮುರಕಲ್ಲು ಕೊಟ್ಟು ಗಾಡಿಯ ಅಡಿಗೆ ನುಸುಳಿ, ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್ ಪಕ್ಕದಲ್ಲಿ ಕೇಬಲ್ ಬಂದು ಸೇರುವ ರಿಲೀಸ್ ಆರ್ಮನ್ನು ಹಿಡಿದು ಅಲ್ಲಾಡಿಸಿದೆ. ಅಲ್ಲಿ 2ರಿಂದ 4 ಮಿಲಿಮೀಟರ್ ಆಟ (ಸಡಿಲು) ಇರಬೇಕಾದದ್ದು, ಕಬ್ಬಿಣದ ಕಂಬದಂತೆ ನಿಂತಿತ್ತು. ಹಿಂದೆ ಒಮ್ಮೆ ಗೇರ್ ಬಿಗಿ ಎಂದು ದೂರಿದ್ದಾಗ ಯಾರೋ ಕೇಬಲ್ಲಿನ ನಟ್ಟನ್ನು ಬಿಗಿ ಮಾಡಿದ್ದರು. ಪ್ಲೇಟ್ ಸವೆದಂತೆ, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬೆರಳುಗಳು, ಪೆಡಲ್ ಒತ್ತಿದಾಗ ಅವನ್ನು ತಳ್ಳುವ ರಿಲೀಸ್ ಬೇರಿಂಗ್ ಕಡೆಗೆ ಸರಿಯುತ್ತವೆ, ಇದ್ದ ಆಟವೂ ಕಡಿಮೆಯಾಗುತ್ತ ಹೋಗುತ್ತದೆ. ಕೊನೆಗೆ ನಾವು ಪೆಡಲ್ ಮುಟ್ಟದಿದ್ದರೂ ಬೇರಿಂಗ್ ಸದಾ ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಇರುತ್ತದೆ. ನಟ್ಟನ್ನು ಎರಡು ಸುತ್ತು ಸಡಿಲಿಸಿದೆ. ಮತ್ತೆ ಅದೇ ಏರಿಗೆ ಹೋದೆ. ಸದ್ದೂ ಮುಳ್ಳೂ ಒಟ್ಟಿಗೆ ಏರಿದವು. ಒಂದು ಸ್ಪ್ಯಾನರ್, ಹತ್ತು ನಿಮಿಷ. ಆಮೇಲೆ ಎಂಟು ತಿಂಗಳು ಗಾಡಿ ಚಕಾರವೆತ್ತಲಿಲ್ಲ.

ಕೇಬಲ್ ಬಗ್ಗೆ ಇನ್ನೊಂದು ಮಾತು. ನಮ್ಮ ಕರಾವಳಿಯ ಉಪ್ಪುಗಾಳಿಗೆ ಅದರ ಒಳತಂತಿ ಬೇಗ ತುಕ್ಕು ಹಿಡಿಯುತ್ತದೆ. ಪೆಡಲ್ ದಿನೇ ದಿನೇ ಭಾರವಾಗುತ್ತಿದ್ದರೆ ಪ್ರೆಶರ್ ಪ್ಲೇಟನ್ನು ದೂರುವ ಮೊದಲು ಕೇಬಲ್ ಕಳಚಿ ಎಳೆದು ನೋಡಿ.

ಈ ಏಪ್ರಿಲಿನಲ್ಲಿ ಮತ್ತೆ ಜಾರಲು ಶುರುವಾಯಿತು. ಈ ಬಾರಿ ಪೆಡಲಿನ ಆಟ ಸರಿಯಾಗಿಯೇ ಇತ್ತು, ಏರಿನಲ್ಲಿ ಸದ್ದು ಮಾತ್ರ ಮೊದಲಿಗಿಂತ ಬೇಗ ಹಾರುತ್ತಿತ್ತು. ಅಡಿಗೆ ನುಸುಳಿದೆ. ಬೆಲ್ ಹೌಸಿಂಗಿನ ಕೆಳಗಿನ ಸಂದಿನಲ್ಲಿ ಒಂದು ಹನಿ ತೂಗುತ್ತಿತ್ತು. ಬೆರಳಿನಲ್ಲಿ ತೆಗೆದು ಉಜ್ಜಿದೆ: ಕಪ್ಪು, ತೆಳು. ಗೇರ್ ಆಯಿಲ್ ಆಗಿದ್ದರೆ ದಪ್ಪಗಿದ್ದು, ಮೂಗಿಗೆ ಗಂಧಕದ ಘಾಟು ಹೊಡೆಯುತ್ತಿತ್ತು. ಇದು ಎಂಜಿನ್ ಆಯಿಲ್, ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಎಣ್ಣೆ ಸೀಲಿನಿಂದ ಬಂದದ್ದು. ಈಗ ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ ಎಂದು ನಾನೇ ಹೇಳಿ ಬೇರೊಂದು ಗ್ಯಾರೇಜಿಗೆ ಒಯ್ದೆ. ಇಳಿಸಿದಾಗ ಪ್ಲೇಟ್ ಪಳಗಿದ ದೋಸೆ ಕಾವಲಿಯಂತೆ ಕಪ್ಪಾಗಿ ಮಿರುಗುತ್ತಿತ್ತು. ದಪ್ಪ ಇನ್ನೂ ಸಾಕಷ್ಟಿತ್ತು, ರಿವೆಟ್ಟುಗಳು ಆಳದಲ್ಲೇ ಇದ್ದವು. ಎಣ್ಣೆ ಕುಡಿದ ಆ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕೋಣ ಎಂಬ ಮಾತೂ ಬಂತು. ನಾನು ಒಪ್ಪಲಿಲ್ಲ. ಒಳಗೆ ಇಳಿದ ಎಣ್ಣೆ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಸೀಲ್ ಬದಲಾಯಿಸದೆ ಹೊಸ ಪ್ಲೇಟ್ ಹಾಕಿದರಂತೂ ಅದೂ ಅದೇ ದಾರಿ ಹಿಡಿಯುತ್ತದೆ.

ಕಿವಿಯ ಪರೀಕ್ಷೆ ಜಾರುವ ಕ್ಲಚ್‌ಗೆ ಏನೂ ಉಪಯೋಗವಿಲ್ಲ, ಸದ್ದಿಗೆ ಮಾತ್ರ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ನನ್ನ ಗಾಡಿ ನ್ಯೂಟ್ರಲ್‌ನಲ್ಲಿ ನಿಂತಾಗ ಕರಕರ ಎನ್ನುತ್ತಿತ್ತು, ಪೆಡಲ್ ಒತ್ತಿದರೆ ಮೌನ. ರಿಲೀಸ್ ಬೇರಿಂಗ್ ಹೋಗಿದೆ ಎಂದು ಮೊದಲ ಗ್ಯಾರೇಜಿನವರು ಹೇಳಿದ್ದರು. ಪೆಡಲಿನಲ್ಲಿ ಆಟ ಸರಿಯಾಗಿರುವಾಗ ರಿಲೀಸ್ ಬೇರಿಂಗಿಗೆ ಕೆಲಸ ಬೀಳುವುದು ಪೆಡಲ್ ಒತ್ತಿದಾಗ, ಅದರ ಸದ್ದು ಬರಬೇಕಾದದ್ದೂ ಆಗಲೇ. ಪೆಡಲ್ ಬಿಟ್ಟಾಗ ಬಂದು ಒತ್ತಿದಾಗ ನಿಲ್ಲುವ ಸದ್ದು ಕ್ಲಚ್‌ನಿಂದ ಬಲವನ್ನು ಒಳಗೆ ಒಯ್ಯುವ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಬೇರಿಂಗಿನದು, ಏಕೆಂದರೆ ಒತ್ತಿದಾಗ ಆ ಶಾಫ್ಟೇ ನಿಲ್ಲುತ್ತದೆ. ಹೇಗೂ ಇಳಿಸಿದ್ದ ಗೇರ್‌ಬಾಕ್ಸನ್ನು ಬಿಚ್ಚಿಸಿದೆ. ಆ ಬೇರಿಂಗನ್ನು ಕೈಯಲ್ಲಿ ತಿರುಗಿಸಿದಾಗ ಮರಳು ಅರೆದ ಹಾಗೆ ಬೆರಳಿಗೆ ತಾಗಿತು. ರಿಲೀಸ್ ಬೇರಿಂಗ್ ನುಣ್ಣಗೆ ತಿರುಗುತ್ತಿತ್ತು. ಆದರೂ ಹೊಸದು ಹಾಕಿಸಿದೆ, ಅಷ್ಟೊಂದು ಬಿಚ್ಚಿದ ಮೇಲೆ ಅದರಲ್ಲಿ ಉಳಿತಾಯ ನೋಡುವುದು ಸರಿಯಲ್ಲ.

ಕ್ಲಚ್ ಪೂರ್ತಿ ಬಿಡದಿರುವುದು ಜಾರುವುದಕ್ಕೆ ವಿರುದ್ಧವಾದ ಕಾಯಿಲೆ. ಇದಕ್ಕೆ ರಿವರ್ಸ್ ಗೇರೇ ಸಾಕ್ಷಿ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಪೆಡಲನ್ನು ಪೂರ್ತಿ ಒತ್ತಿ, ಐದು ಸೆಕೆಂಡು ಕಾದು ರಿವರ್ಸ್ ಹಾಕಬೇಕು. ಆಗಲೂ ಹಲ್ಲು ಕಡಿದರೆ ಪ್ಲೇಟ್ ಇನ್ನೂ ತಿರುಗುತ್ತಿದೆ ಎಂದು ಅರ್ಥ. ಕೇಬಲ್ ಬದಲು ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಇರುವ ಗೆಳೆಯನ ಜೀಪು ಹೀಗೆ ಮಾಡುತ್ತಿತ್ತು. ಪೆಡಲನ್ನು ಬೇಗ ಬೇಗ ಮೂರು ಸಲ ಒತ್ತಿದ ಮೇಲೆ ಗೇರ್ ಸಲೀಸಾಗಿ ಬಿತ್ತು. ಅಲ್ಲಿಗೆ ಪ್ಲೇಟಿನ ಮಾತೇ ಮುಗಿಯಿತು: ಪೈಪಿನಲ್ಲಿ ಗಾಳಿ ಸೇರಿತ್ತು, ಆ ಒತ್ತಡದಿಂದ ಕ್ಲಚ್ಚನ್ನು ತಳ್ಳುವ ಸ್ಲೇವ್ ಸಿಲಿಂಡರಿನ ರಬ್ಬರ್ ಒಳಗೆ ಒದ್ದೆಯಾಗಿತ್ತು. ಮಳೆಗಾಲದಲ್ಲಿ ತೋಡು ದಾಟಿ ಬಂದು ವಾರಗಟ್ಟಲೆ ನಿಂತ ಗಾಡಿಯಲ್ಲಿ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಳ್ಳುವುದೂ ಉಂಟು. ಅದಕ್ಕೆ ಕೇಬಲ್ ಬಿಗಿ ಮಾಡುವುದು ಮದ್ದಲ್ಲ. ನನ್ನ ಗಾಡಿಯ ಮೊದಲ ತೊಂದರೆ ಶುರುವಾದದ್ದು ಬಹುಶಃ ಹಾಗೆ ಮಾಡಿದ್ದರಿಂದಲೇ.

ಹೊಸ ಪ್ಲೇಟ್ ಹಾಕಿದ ಮೇಲೆ ಕೆಲವು ದಿನ ಮೂಟೆ ಹೇರದೆ ಮೆತ್ತಗೆ ಓಡಿಸಿದೆ. ಆಮೇಲೆ ಒಂದು ಭಾನುವಾರ ಮತ್ತೆ ಇಂದ್ರಾಳಿಯ ಏರಿಗೆ ಹೋಗಿ, ನಾಲ್ಕನೆಯ ಗೇರಿನಲ್ಲಿ ಸದ್ದೂ ವೇಗವೂ ಜೊತೆಯಾಗಿ ಏರುವುದನ್ನು ಕೇಳಿಕೊಂಡು ಬಂದೆ. ಮನೆಗೆ ಬಂದು ಪೆಡಲಿನ ಆಟವನ್ನು ಮತ್ತೊಮ್ಮೆ ಅಳೆದು, ಕೇಬಲ್ಲಿನ ನಟ್ಟಿಗೂ ಬೋಲ್ಟಿಗೂ ಸೇರಿಸಿ ಬಿಳಿ ಪೇಂಟಿನ ಒಂದು ಗೆರೆ ಎಳೆದಿದ್ದೇನೆ. ಇನ್ನು ಯಾರು ಅದನ್ನು ತಿರುಗಿಸಿದರೂ ಗೆರೆ ಮುರಿಯುತ್ತದೆ.