ಹೊಸ ಹಾರ್ಡ್ ಡಿಸ್ಕ್ ತೆವಳುತ್ತಿದ್ದರೆ ಫಾರ್ಮ್ಯಾಟ್ ಮಾಡುವ ಮುಂಚೆ ಇದನ್ನು ಓದಿ

ಮೈಸೂರಿನ ಅಂಗಡಿಯೊಂದು ಹೊಸದೆಂದು ಸೀಲ್ ಕವರ್‌ನಲ್ಲಿ ಕೊಟ್ಟ 2 ಟಿಬಿ ಇಂಟರ್ನಲ್ ಹಾರ್ಡ್ ಡಿಸ್ಕ್ ಮೊದಲ ದಿನದಿಂದಲೇ ತೆವಳುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100%, ಆದರೆ ವೇಗ ಸೆಕೆಂಡಿಗೆ 2-3 ಎಂಬಿ. "ಹೊಸದಲ್ವಾ ಸಾರ್, ಸೆಟ್ ಆಗುತ್ತೆ, ಒಂದ್ಸಲ ಫಾರ್ಮ್ಯಾಟ್ ಮಾಡಿ" ಅಂದರು ಅಂಗಡಿಯವರು. ಹಾರ್ಡ್ ಡಿಸ್ಕ್ ಬಳಸ್ತಾ ಬಳಸ್ತಾ ಸೆಟ್ ಆಗುವ ವಸ್ತುವಲ್ಲ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದರೆ ಪವರ್ ಆನ್ ಅವರ್ಸ್ (ಓಡಿದ ಗಂಟೆ) 21 ಸಾವಿರ ದಾಟಿದೆ, ಪವರ್ ಆನ್ ಕೌಂಟ್ (ಎಷ್ಟು ಸಲ ಆನ್ ಮಾಡಿದ್ದು) ನೂರೂ ಇಲ್ಲ. ಹಗಲೂ ರಾತ್ರಿ ಸುಮಾರು ಎರಡೂವರೆ ವರ್ಷ ಆರಿಸದೇ ಓಡಿಸಿದ ಮಾಲು, ಬಹುಶಃ ಸಿಸಿಟಿವಿ ಡಿವಿಆರ್‌ನಿಂದ ಬಿಚ್ಚಿದ್ದು. ಅದರ ಪಟ್ಟಿಯಲ್ಲಿ ಓದಲಾಗದ ಸೆಕ್ಟರ್‌ಗಳನ್ನು ಎಣಿಸುವ ಸಿ5 ಸಾಲಿನಲ್ಲೂ ಅಂಕಿ ಇತ್ತು: ಆ ಸೆಕ್ಟರ್‌ಗಳನ್ನು (ಡೇಟಾ ಬರೆಯುವ ಪುಟ್ಟ ತುಣುಕುಗಳು) ಡಿಸ್ಕ್ ಮತ್ತೆ ಮತ್ತೆ ಓದಲು ಹೆಣಗುತ್ತಿತ್ತು. ನಿಧಾನಕ್ಕೆ ಕಾರಣ ಅದೇ.

ಫಾರ್ಮ್ಯಾಟ್ ಬೇಡ ಅನ್ನುವುದು ಇದಕ್ಕೇ. ಕ್ವಿಕ್ ಫಾರ್ಮ್ಯಾಟ್‌ನಿಂದ ಇಂಥ ದೋಷ ಹೋಗುವುದಿಲ್ಲ. ಪೂರ್ತಿ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಇಡೀ ಡಿಸ್ಕಿಗೆ ಸೊನ್ನೆ ಬರೆಯುತ್ತದೆ, ಆಗ ಸಿ5 ಇಳಿದು ನಿಮ್ಮ ಸಾಕ್ಷಿಯೇ ಹೋಗುತ್ತದೆ. ಮೊದಲು ಸೀರಿಯಲ್ ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಪಟ್ಟಿಯ ಅಂಕಿಗಳು (ರಾ ವ್ಯಾಲ್ಯೂಸ್) ಹೆಕ್ಸ್‌ನಲ್ಲಿ, ಅಂದರೆ 16ರ ಲೆಕ್ಕದಲ್ಲಿ, ಇರುತ್ತವೆ, ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ನಲ್ಲಿ ಡೆಸಿಮಲ್‌ಗೆ ಬದಲಿಸಿಕೊಳ್ಳಿ. ಹೊಸ ಡಿಸ್ಕಿನಲ್ಲಿ 05 (ಕೆಟ್ಟು ಬದಲಿಸಿದ ಸೆಕ್ಟರ್), ಸಿ5, ಸಿ6 (ಸರಿಪಡಿಸಲಾಗದ ಸೆಕ್ಟರ್) ಮೂರೂ ಸೊನ್ನೆ ಇರಬೇಕು. "ಗುಡ್" ಅನ್ನುವ ನೀಲಿ ಪಟ್ಟಿಯನ್ನಷ್ಟೇ ನಂಬಬೇಡಿ, ಎಷ್ಟು ಗಂಟೆ ಓಡಿದ್ದರೂ ಅದು ಗುಡ್ ಅಂತಲೇ ತೋರಿಸಬಹುದು.

ಹಾಗಂತ ನಿಧಾನವಾದ ಡಿಸ್ಕೆಲ್ಲ ಹಳೆಯದಲ್ಲ. ಡೇಟಾ ಸಾಗಣೆಯ ದೋಷ ಎಣಿಸುವ ಸಿ7 ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್‌ನದು. ಬೇರೆ ಕೇಬಲ್, ಬೇರೆ ಪೋರ್ಟ್ ಹಾಕಿ ನೋಡಿ. ಹಳೆ ಅಂಕಿ ಇಳಿಯುವುದಿಲ್ಲ, ಏರುವುದು ನಿಂತರೆ ಸಾಕು. ಎಕ್ಸ್‌ಟರ್ನಲ್ ಡಿಸ್ಕ್ ಸೆಕೆಂಡಿಗೆ 30-40 ಎಂಬಿಯಲ್ಲೇ ನಿಂತಿದೆಯೇ? ಯುಎಸ್‌ಬಿ 2.0 ಪೋರ್ಟಿಗೆ ಸಿಕ್ಕಿಸಿರುತ್ತೀರಿ.

ಮಂಡ್ಯದ ಮದುವೆ ಸ್ಟುಡಿಯೋದವರು, ಒಂದೇ ಸಲ ನೂರಾರು ಜಿಬಿ ವಿಡಿಯೋ ಸುರಿಯುವವರು ಎಸ್‌ಎಂಆರ್ (ಶಿಂಗಲ್ಡ್ ಮ್ಯಾಗ್ನೆಟಿಕ್ ರೆಕಾರ್ಡಿಂಗ್) ಡಿಸ್ಕ್ ತಗೊಳ್ಳಲೇಬೇಡಿ. ಅದರಲ್ಲಿ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅರ್ಧ ಕೂತ ಟ್ರ್ಯಾಕ್‌ಗಳು (ಡೇಟಾ ಬರೆಯುವ ಸಾಲುಗಳು). ಒಂದನ್ನು ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕು. ಆರಂಭದಲ್ಲಿ ಓಡಿ, ಕ್ಯಾಶ್ ಜಾಗ (ಡೇಟಾವನ್ನು ಮೊದಲು ತಾತ್ಕಾಲಿಕವಾಗಿ ಇಡುವ ಜಾಗ) ತುಂಬಿದ ಮೇಲೆ ವೇಗ ಕುಸಿಯುತ್ತದೆ. ಸೀಗೇಟ್ ಬ್ಯಾರಕುಡಾ 2 ಟಿಬಿಯ ಎಸ್‌ಟಿ2000ಡಿಎಂ008 ಇದೇ ಜಾತಿ. ವೆಸ್ಟರ್ನ್ ಡಿಜಿಟಲ್ ರೆಡ್ ಸಾಲಿನ 2ರಿಂದ 6 ಟಿಬಿಯ ಇಎಫ್‌ಎಎಕ್ಸ್ ಮಾದರಿಗಳೂ ಎಸ್‌ಎಂಆರ್ ಎಂಬುದು 2020ರಲ್ಲಿ ಬಯಲಾಯಿತು. ಡಬ್ಬದ ಮೇಲೆ ಇದನ್ನು ಬರೆದಿರುವುದಿಲ್ಲ, ಮಾಡೆಲ್ ನಂಬರ್ ಹುಡುಕಿಯೇ ಕೊಳ್ಳಿ.

ಗಂಟೆ ಲೆಕ್ಕ ಸೊನ್ನೆಗೆ ತಿದ್ದಿ ಮಾರುವವರೂ ಇದ್ದಾರೆ. ಬಳಸಿದ ಸೀಗೇಟ್ ಡಿಸ್ಕ್‌ಗಳನ್ನು ಹೀಗೆ ಹೊಸದೆಂದು ಮಾರಿದ್ದು 2025ರ ಶುರುವಿನಲ್ಲಿ ಜರ್ಮನಿಯಲ್ಲಿ ಸುದ್ದಿಯಾಯಿತು. ಸೀಗೇಟ್ ಆದರೆ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶದ 7.4 ಅಥವಾ ನಂತರದ ಆವೃತ್ತಿಯಲ್ಲಿ ಫಾರ್ಮ್ (FARM) ಲಾಗ್, ಅಂದರೆ ಸೀಗೇಟ್ ಡಿಸ್ಕ್ ಒಳಗೇ ಇಟ್ಟುಕೊಳ್ಳುವ ಪ್ರತ್ಯೇಕ ದಾಖಲೆ, ತೆಗೆಸಿ, ಅಲ್ಲಿನ ಗಂಟೆಯನ್ನು ಸ್ಮಾರ್ಟ್ (SMART) ಗಂಟೆಯೊಂದಿಗೆ, ಅಂದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೋರಿಸುವ ಗಂಟೆಯೊಂದಿಗೆ, ಹೋಲಿಸಿ.

ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡು, ಕಂಪನಿಯ ವಾರಂಟಿ ಪುಟದಲ್ಲಿ ಅಂಗಡಿಯಲ್ಲೇ ನಿಂತು ನೋಡಿ. ಬದಲಿಸಿಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಸ್ಕ್ರೀನ್‌ಶಾಟ್ ಮತ್ತು ಬಿಲ್ ಕೈಯಲ್ಲಿರಲಿ.