ಒಟ್ಟಾವಾದ ಮೂರು ಚಳಿಗಾಲ, 43 ಡಿಗ್ರಿ ನೀರು: ಬಳಸಿ ನೋಡಿದ ಮೇಲೆ

2022ರ ಅಕ್ಟೋಬರ್‌ನಲ್ಲಿ ಕೆನಡಾದ ಒಟ್ಟಾವಾದಲ್ಲಿರುವ ನಮ್ಮ ಮನೆಯನ್ನು ಬಿಸಿಮಾಡುತ್ತಿದ್ದ ಗ್ಯಾಸ್ ಬಾಯ್ಲರ್ ತೆಗೆಸಿ, ಹೊರಗಿನ ಗಾಳಿಯ ಶಾಖ ಹೀರಿ ನೀರು ಕಾಯಿಸುವ ಏರ್-ಟು-ವಾಟರ್ ಹೀಟ್ ಪಂಪ್ ಹಾಕಿಸಿದೆವು. ಮನೆ 1954ರದ್ದು, ಇಟ್ಟಿಗೆಯದು. ಮೊದಲು ಕೋಣೆಗಳನ್ನು ಬೆಚ್ಚಗಿಡುವ ಎರಕದ ಕಬ್ಬಿಣದ ರೇಡಿಯೇಟರ್‌ಗಳಲ್ಲಿ 80 ಡಿಗ್ರಿ ನೀರು ಓಡುತ್ತಿತ್ತು. ಈಗ ಹೊರಗೆ ಮೈನಸ್ 25 ಇದ್ದರೂ ನೀರು 43 ಡಿಗ್ರಿ ದಾಟುವುದಿಲ್ಲ. ಸೊನ್ನೆಯ ಆಸುಪಾಸಿನ ದಿನಗಳಲ್ಲಿ 32 ಸಾಕು. ಮೂರು ಚಳಿಗಾಲ ಕಳೆದ ಮೇಲೆ ಬರೆಯುತ್ತಿದ್ದೇನೆ. ನಮಗೆ ಇದು ಒಗ್ಗಿದೆ, ಮತ್ತೆ ಮಾಡಿಸಬೇಕಾದರೂ ಇದನ್ನೇ ಮಾಡಿಸುತ್ತೇನೆ.

ಪಂಪ್ ಯಾವ ಕಂಪನಿಯದು ಎಂದು ಕೇಳುವವರೇ ಹೆಚ್ಚು. ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ನಿಮ್ಮ ಮನೆಗೆ ಎಷ್ಟು ಬಿಸಿಯ ನೀರು ಸಾಕು ಎಂಬುದು. ಅದನ್ನು ತಿಳಿಯಲು ನಾವು ಹಿಂದಿನ ಜನವರಿಯಲ್ಲೇ ಒಂದು ಪರೀಕ್ಷೆ ಮಾಡಿದ್ದೆವು: ಹಳೆಯ ಬಾಯ್ಲರ್‌ನ ನೀರನ್ನು 50 ಡಿಗ್ರಿಗೆ ಇಳಿಸಿ, ಪ್ರತಿ ಕೋಣೆಯಲ್ಲೂ ಒಂದು ಥರ್ಮಾಮೀಟರ್ ಇಟ್ಟೆವು. ಮೂರು ದಿನಕ್ಕಿಂತ ಹೆಚ್ಚು ಬೇಡ ಎಂದು ಮೆಕ್ಯಾನಿಕ್ ಮೊದಲೇ ಎಚ್ಚರಿಸಿದ್ದರು. ಹಳೆಯ ಮಾದರಿಯ ಬಾಯ್ಲರ್‌ಗೆ ನೀರು ತಣ್ಣಗೆ ಮರಳಿದರೆ ಹೊಗೆಯ ತೇವ ಒಳಗೇ ನೀರಾಗಿ ಇಳಿದು ಲೋಹವನ್ನು ತಿನ್ನುತ್ತದೆ. ಹೊರಗೆ ಮೈನಸ್ 12 ಇತ್ತು. ಹಾಲ್ ಮತ್ತು ಎರಡು ಕೋಣೆಗಳು 20ರಲ್ಲೇ ನಿಂತವು. ಅಡುಗೆಮನೆ 15ಕ್ಕೆ, ಉತ್ತರದ ಮಲಗುವ ಕೋಣೆ 16ಕ್ಕೆ ಇಳಿದವು. ಆ ಒಂದು ಹಾಳೆಯ ಲೆಕ್ಕವೇ ಮುಂದೆ ನಮ್ಮ ಇಡೀ ಯೋಜನೆಗೆ ಆಧಾರವಾಯಿತು. ಮನೆ ಪೂರ್ತಿ ಅಗೆಯುವ ಅಗತ್ಯವಿರಲಿಲ್ಲ, ಎರಡು ಜಾಗ ಸರಿಪಡಿಸಿದರೆ ಸಾಕಿತ್ತು.

ಆದರೆ ರೇಡಿಯೇಟರ್‌ನ ಶಕ್ತಿಯ ಬಗ್ಗೆ ಭ್ರಮೆ ಬೇಡ. ಕಂಪನಿಯವರು ಬರೆಯುವ ವ್ಯಾಟ್ ಲೆಕ್ಕ ಸಾಮಾನ್ಯವಾಗಿ 75 ಡಿಗ್ರಿಯಲ್ಲಿ ಹೋಗಿ 65ರಲ್ಲಿ ಮರಳುವ ನೀರಿನದ್ದು. ಅದೇ ರೇಡಿಯೇಟರ್‌ಗೆ 45 ಡಿಗ್ರಿ ನೀರು ಬಿಟ್ಟರೆ ಸಿಗುವುದು ಅದರ ಮೂರನೇ ಒಂದು ಭಾಗ. ಹಾಗಾಗಿ ಮೊದಲು ಮನೆಯಿಂದ ಸೋರುವ ಶಾಖ ತಡೆಯಬೇಕು. ಅಟ್ಟಕ್ಕೆ ಆರ್-60 (ಶಾಖ ತಡೆಯುವ ಶಕ್ತಿಯ ಅಳತೆ) ಆಗುವಷ್ಟು ಸೆಲ್ಯುಲೋಸ್ ಎಂಬ ಕಾಗದದ ನಾರು ತುಂಬಿಸಿದೆವು, ಬೇಸ್‌ಮೆಂಟ್ ಗೋಡೆಯ ಮೇಲಂಚಿನಲ್ಲಿ ಗಾಳಿ ನುಗ್ಗುತ್ತಿದ್ದ ಸಂದುಗಳನ್ನು ಫೋಮ್‌ನಿಂದ ಮುಚ್ಚಿಸಿದೆವು. ಆಮೇಲೆ ಕೋಣೆ ಕೋಣೆಯ ಲೆಕ್ಕ ಹಾಕಿದಾಗ ಮೈನಸ್ 25ರಲ್ಲಿ ಬೇಕಾದದ್ದು 8.6 ಕಿಲೋವ್ಯಾಟ್. ಮೊದಲು ಬಂದ ಕಂಟ್ರಾಕ್ಟರ್ ಮಾತ್ರ ಹಳೆಯ ಬಾಯ್ಲರ್‌ನ ತಗಡಿನ ಮೇಲಿನ ಬರಹ ನೋಡಿ, ಗಂಟೆಗೆ ಒಂದು ಲಕ್ಷ ಬಿಟಿಯು (ಶಾಖದ ಅಳತೆ), ಅಂದರೆ 29 ಕಿಲೋವ್ಯಾಟ್ ಎಂದು ಎರಡು ದೊಡ್ಡ ಯಂತ್ರಗಳಿಗೆ ಕೊಟೇಶನ್ ಕೊಟ್ಟಿದ್ದರು. ಸೊನ್ನೆ ಡಿಗ್ರಿಯ ದಿನ ನಮಗೆ ಬೇಕಾಗುವುದು ನಾಲ್ಕು ಕಿಲೋವ್ಯಾಟ್. ಅಷ್ಟು ದೊಡ್ಡ ಯಂತ್ರ ಇದ್ದಿದ್ದರೆ ಅಕ್ಟೋಬರ್, ಏಪ್ರಿಲ್‌ಗಳಲ್ಲಿ ನಿಮಿಷಕ್ಕೊಮ್ಮೆ ಶುರುವಾಗಿ ನಿಲ್ಲುತ್ತಾ ಬೇಗ ಸವೆಯುತ್ತಿತ್ತು. ನಾವು ಕೊಂಡದ್ದು 8 ಕಿಲೋವ್ಯಾಟ್‌ನದು, ಜೊತೆಗೆ 6 ಕಿಲೋವ್ಯಾಟ್‌ನ ವಿದ್ಯುತ್ ಹೀಟರ್.

ಅಡುಗೆಮನೆ, ಊಟದ ಜಾಗಗಳಲ್ಲಿ ಹಳೆಯ ಹಲಗೆಯ ಮೇಲೆ ತೋಡು ಕೊರೆದ ಪ್ಯಾನೆಲ್ ಹಾಸಿ, ಅಲ್ಯೂಮಿನಿಯಂ ತಗಡಿನ ಮೇಲೆ ಬಿಸಿ ನೀರು ಹರಿಯುವ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪ್ ಓಡಿಸಿದರು. ಪೈಪ್‌ಗೆ ಆಮ್ಲಜನಕ ತಡೆಯುವ ಪದರ ಇರಲೇಬೇಕು, ಇಲ್ಲದಿದ್ದರೆ ಮೇಲಿನ ಕಬ್ಬಿಣದ ರೇಡಿಯೇಟರ್‌ಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ನೆಲದ ಮೇಲ್ಮೈ 29 ಡಿಗ್ರಿ ಮೀರಬಾರದು ಎಂಬ ಮಿತಿಯಿದೆ; ನಮ್ಮದು 26 ದಾಟಿಲ್ಲ. ಶಿರಸಿಯಿಂದ ಬಂದ ಆಯಿ ಫೆಬ್ರವರಿಯಲ್ಲಿ ಅಡುಗೆಮನೆಯ ನೆಲದ ಮೇಲೆ ಕೂತು ಮೆಟ್ಟುಗತ್ತಿಯಲ್ಲಿ ಕಾಯಿಪಲ್ಲೆ ಹೆಚ್ಚಿದಳು. "ತಮಾ, ನೆಲ ತಂಪೇ ಇಲ್ಲೆ ಇಲ್ಲಿ" ಎಂದಳು. ಅದಕ್ಕೂ ಹಿಂದಿನ ಸಲ ಬಂದಾಗ ಎರಡು ಜೊತೆ ಉಲ್ಲನ್ ಕಾಲುಚೀಲ ಹಾಕಿಕೊಂಡು ಸೋಫಾ ಬಿಟ್ಟು ಇಳಿದಿರಲಿಲ್ಲ. ಈ ದುಡ್ಡು ಸಾರ್ಥಕವಾಯಿತು ಎಂದು ನನಗೆ ಅನ್ನಿಸಿದ್ದು ಆವತ್ತು. ದೋಸೆ ಹಿಟ್ಟೂ ಅದೇ ನೆಲದ ಮೇಲೆ ರಾತ್ರಿ ಕಳೆದು ಬೆಳಿಗ್ಗೆಗೆ ಉಬ್ಬಿರುತ್ತದೆ.

ಮೊದಲ ಚಳಿಗಾಲದಲ್ಲಿ ತೊಂದರೆಯೂ ಆಯಿತು. ಪ್ರತಿ ಕೋಣೆಗೂ ಥರ್ಮೋಸ್ಟಾಟ್ ಹಾಕಿದ್ದರು. ಒಂದೊಂದೇ ಕೋಣೆಯ ವಾಲ್ವ್ ಮುಚ್ಚಿಕೊಂಡಂತೆ ನೀರಿನ ಹರಿವು ಕುಗ್ಗಿ, ಪಂಪ್ ಗಂಟೆಗೆ ಏಳೆಂಟು ಸಲ ನಿಲ್ಲುತ್ತಿತ್ತು. ಎರಡನೇ ವರ್ಷ ಮಲಗುವ ಕೋಣೆಗಳನ್ನು ಬಿಟ್ಟು ಉಳಿದೆಲ್ಲ ತೆಗೆಸಿದೆವು. ಈಗ ಹೊರಗಿನ ಚಳಿ ನೋಡಿ ನೀರಿನ ಬಿಸಿ ತಾನೇ ಏರಿಳಿಯುತ್ತದೆ. ಆ ಏರಿಳಿತದ ಮೇಲಿನ ಮಿತಿಯನ್ನು ವಾರಕ್ಕೊಂದು ಡಿಗ್ರಿಯಂತೆ 50ರಿಂದ 43ಕ್ಕೆ ಇಳಿಸಿದ್ದು ನಾನೇ. ಇನ್ನೊಬ್ಬರಿಂದ ಆಗುವ ಕೆಲಸವಲ್ಲ ಅದು, ಮನೆಯಲ್ಲಿ ವಾಸ ಮಾಡುವವರೇ ಮಾಡಬೇಕು.

2023ರ ಫೆಬ್ರವರಿ ಮೊದಲ ವಾರದಲ್ಲಿ ಚಳಿ ಮೈನಸ್ 30ರ ಕೆಳಗೆ ಹೋಯಿತು. ವಿದ್ಯುತ್ ಹೀಟರ್ ರಾತ್ರಿಯಿಡೀ ಉರಿಯಿತು, ಮನೆಯೊಳಗೆ 20 ಇತ್ತು. ಹೊರಗಿನ ಯಂತ್ರದ ಮಂಜು ಕರಗಿದ ನೀರು ಮಾತ್ರ ಕಾಲುದಾರಿಗೆ ಹರಿದು ಗಾಜಿನಂತೆ ಹೆಪ್ಪುಗಟ್ಟಿತ್ತು. ನನ್ನ ಹೆಂಡತಿ ಜಾರಿ ಬಿದ್ದು ಮೊಣಕೈಗೆ ಪೆಟ್ಟಾಯಿತು. ಬೇಸಿಗೆಯಲ್ಲಿ ಯಂತ್ರದ ಕೆಳಗೆ ಜಲ್ಲಿಯ ಗುಂಡಿ ಮಾಡಿಸಿದೆವು. ಹಾಕಿಸುವಾಗಲೇ ಇದನ್ನು ಹೇಳಿ ಮಾಡಿಸಿಕೊಳ್ಳಿ, ದಾರಿಯ ಕಡೆ ಯಂತ್ರ ಇಡಿಸಲೇಬೇಡಿ. ಹೊರಗಿನ ಪೈಪ್‌ನಲ್ಲಿ ಹೆಪ್ಪುಗಟ್ಟದಂತೆ ಗ್ಲೈಕಾಲ್ ಬೆರೆಸಿದ ನೀರಿದೆ. ಆ ಏಪ್ರಿಲ್‌ನ ಐಸ್ ಸ್ಟಾರ್ಮ್‌ನಲ್ಲಿ (ಬಿದ್ದಲ್ಲೇ ಹೆಪ್ಪುಗಟ್ಟುವ ಮಳೆ) ಕರೆಂಟ್ ಹೋದಾಗ ಪೈಪ್ ಒಡೆಯುವ ಭಯವಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಮನೆ ಬಿಸಿಮಾಡಲು ಸುಮಾರು 6,200 ಯೂನಿಟ್ ಕರೆಂಟ್ ಖರ್ಚಾಯಿತು. ಮೀಟರ್ ಪ್ರಕಾರ ಒಂದು ಯೂನಿಟ್‌ಗೆ ಎರಡೂವರೆ ಯೂನಿಟ್ ಶಾಖ ಬಂದಿದೆ. ಕೊರತೆಗಳೂ ಇವೆ: ರಾತ್ರಿ ಇಳಿಸಿ ಬೆಳಿಗ್ಗೆ ಏರಿಸುವ ಹಳೆಯ ಅಭ್ಯಾಸ ಇಲ್ಲಿ ನಡೆಯದು, ನೆಲ ಬಿಸಿಯಾಗಲು ನಾಲ್ಕು ಗಂಟೆ ಬೇಕು. ದಪ್ಪ ಕಾರ್ಪೆಟ್ ಹಾಸುವಂತಿಲ್ಲ. ಬೇಸಿಗೆಯ ತಂಪಿಗೆ ಬೇರೆ ಎಸಿ ಕೊಳ್ಳಬೇಕಾಯಿತು.

ಉತ್ತರದ ಆ ಕೋಣೆ ಇನ್ನೂ ಕಾಡುತ್ತಿದೆ. ಅಲ್ಲಿಗೆ ದೊಡ್ಡ ರೇಡಿಯೇಟರ್ ಹಾಕಿಸಿದ್ದರೂ ಕಡು ಚಳಿಯ ದಿನ 43ಕ್ಕಿಂತ ಕಡಿಮೆ ನೀರಾದರೆ 19ಕ್ಕೆ ಇಳಿಯುತ್ತದೆ. ಅದೊಂದು ಕೋಣೆಗಾಗಿ ಅಂಥ ದಿನಗಳಲ್ಲಿ ಇಡೀ ಮನೆಗೆ 43ರ ನೀರು ಹರಿಸುತ್ತಿದ್ದೇವೆ. ಈ ಸೆಪ್ಟೆಂಬರ್‌ನಲ್ಲಿ ಕಿಟಕಿಯ ಕೆಳಗೆ ಮೂರು ಪದರದ ರೇಡಿಯೇಟರ್ ಹಾಕಿಸುತ್ತಿದ್ದೇನೆ. ಆಮೇಲೆ 40ಕ್ಕೆ ಇಳಿಸಿ ನೋಡುತ್ತೇನೆ.