ನಿಕಾನ್ ಡಿ5600: ಆರು ತಿರುಗಾಟಗಳ ನಂತರ

ಈ ಕ್ಯಾಮೆರಾ ಕೊಂಡದ್ದೇ ಯಕ್ಷಗಾನಕ್ಕಾಗಿ. ಮೊದಲ ತಿರುಗಾಟ (ಮೇಳ ಊರೂರು ಸುತ್ತಿ ಆಟವಾಡುವ ಒಂದು ವರ್ಷದ ಋತು) ಮುಗಿಯುವ ಮೊದಲೇ ಮಾರಿಬಿಡೋಣ ಎನಿಸಿತ್ತು.

ಧೀಂಗಿಣ ಹೊಡೆಯುವ, ಅಂದರೆ ಗಾಳಿಯಲ್ಲಿ ಹಾರಿ ಗಿರಕಿ ಹೊಡೆಯುವ, ಪುಂಡುವೇಷ (ತರುಣ ವೀರರ ಪಾತ್ರ) ಮಸುಕಾಗದಿರಲು ಷಟರ್ ವೇಗವನ್ನು ಸೆಕೆಂಡಿನ 1/500ಕ್ಕೆ ಏರಿಸಬೇಕು. ರಂಗಸ್ಥಳದ ಬೆಳಕು ಅದಕ್ಕೆ ಸಾಲದು, ಹಾಗಾಗಿ ಚಿತ್ರವನ್ನು ಬೆಳಗಿಸುವ ಐಎಸ್‌ಒ 6400ಕ್ಕೆ. ಕ್ಯಾಮೆರಾದ 3.2 ಅಂಗುಲದ ಪರದೆಯಲ್ಲಿ ಎಲ್ಲವೂ ಚೆಂದ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಶೇ 100ಕ್ಕೆ ಹಿಗ್ಗಿಸಿದರೆ ವೇಷದ ಹಿಂದಿನ ಕಪ್ಪು ಪರದೆಯ ಮೇಲೆಲ್ಲ ಯಾರೋ ಕೆಂಪು, ನೀಲಿ ರವೆ ಚೆಲ್ಲಿದ್ದರು!

ಇದು ಕ್ಯಾಮೆರಾದ ದೋಷವಲ್ಲ. ಸೆನ್ಸರ್ ಮೇಲೆ ಬೆಳಕು ಬೀಳುವುದು ಅಂಗಳಕ್ಕೆ ಮಳೆ ಬಿದ್ದ ಹಾಗೆ. ಜೋರು ಮಳೆಗೆ ಅಂಗಳವೆಲ್ಲ ಒಂದೇ ಸಮನೆ ಒದ್ದೆ. ನಾಲ್ಕೇ ಹನಿ ಉದುರಿದರೆ ಅಲ್ಲೊಂದು ಇಲ್ಲೊಂದು ಚುಕ್ಕೆ. ಐಎಸ್‌ಒ ಏರಿಸಿದರೆ ಹನಿ ಹೆಚ್ಚುವುದಿಲ್ಲ, ಬಿದ್ದ ಚುಕ್ಕೆಗಳೇ ಎದ್ದು ಕಾಣುತ್ತವೆ.

ನೋಡುವ ಕ್ರಮದಲ್ಲೂ ನಾನು ಎಡವಿದ್ದೆ. ಫೋಟೊದ ಅಳತೆ 6000×4000, ಅಂದರೆ 2.4 ಕೋಟಿ ಪಿಕ್ಸೆಲ್. ನನ್ನ ಮಾನಿಟರ್ 1920×1080, ಸುಮಾರು 21 ಲಕ್ಷ. ಫೋಟೊದ ಒಂದು ಪಿಕ್ಸೆಲ್‌ಗೆ ಪರದೆಯ ಒಂದು ಪಿಕ್ಸೆಲ್ ಆಗುವ ಶೇ 100ರಲ್ಲಿ ಕಾಣುವುದು ಫೋಟೊದ ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಇಡೀ ಫೋಟೊವನ್ನು ಪರದೆಗೆ ಹೊಂದಿಸಿದಾಗ ಹದಿಮೂರೋ ಹದಿನಾಲ್ಕೋ ಪಿಕ್ಸೆಲ್‌ಗಳು ಕಲೆತು ಒಂದಾಗುತ್ತವೆ, ಒಂದರ ಏರು ಇನ್ನೊಂದರ ಇಳಿತದಲ್ಲಿ ಕರಗುತ್ತದೆ. ನಮ್ಮ ಭಾವನವರ ಹಳೆಯ ಡಿ40, 60 ಲಕ್ಷ ಪಿಕ್ಸೆಲ್‌ನದು, ಶೇ 100ರಲ್ಲಿ ನನ್ನದಕ್ಕಿಂತ ಶುಭ್ರವಾಗಿ ಕಂಡು ಹೊಟ್ಟೆ ಉರಿಸಿತ್ತು. ಎರಡನ್ನೂ 12×8 ಅಂಗುಲಕ್ಕೆ ಮುದ್ರಿಸಿ ಪಕ್ಕಪಕ್ಕ ಇಟ್ಟಾಗ ಭಾವನವರು ಮಾತು ಬದಲಿಸಿದರು.

ರವೆ ತೊಲಗಿಸಲು ಕ್ಯಾಮೆರಾದ ನಾಯ್ಸ್ ರಿಡಕ್ಷನ್ ಅನ್ನು ಗರಿಷ್ಠಕ್ಕೆ ಇಟ್ಟೂ ನೋಡಿದೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದಲ್ಲಿ ಗಂಟೆಗಟ್ಟಲೆ ಕೂತು ಇಟ್ಟ ಅಕ್ಕಿಹಿಟ್ಟಿನ ಚಿಟ್ಟಿಯ ಮುಳ್ಳುಗಳೆಲ್ಲ ಸವೆದು ಮೇಣ ಬಳಿದಂತಾಯಿತು. ಅಂದಿನಿಂದ ಅದು ಕನಿಷ್ಠದಲ್ಲೇ ಇದೆ. ನಿಜವಾಗಿ ನೆರವಾದದ್ದು ಹೆಚ್ಚು ಬೆಳಕು ಒಳಬಿಡುವ ಎಫ್/1.8ರ 35 ಎಂಎಂ ಲೆನ್ಸ್. ಕ್ಯಾಮೆರಾದ ಜೊತೆಗೆ ಬಂದ 18–55 ಎಂಎಂ ಲೆನ್ಸಿನಲ್ಲಿ ಐಎಸ್‌ಒ 6400 ಬೇಡುತ್ತಿದ್ದ ದೃಶ್ಯಕ್ಕೆ ಈಗ 1600 ಸಾಕು. ಹಳೆಯ ಡಿ5600 ಕೊಳ್ಳುವವರು ಈ ಲೆನ್ಸಿಗೂ ದುಡ್ಡು ತೆಗೆದಿಡಿ.

ಆ ಮೊದಲ ವರ್ಷದ ಫೋಟೊಗಳಲ್ಲಿ ಮುಕ್ಕಾಲು ಪಾಲನ್ನು ಸಿಟ್ಟಿನಲ್ಲಿ ಅಳಿಸಿಹಾಕಿದ್ದೇನೆ. ಉಳಿದವುಗಳಲ್ಲಿ ಒಂದು, 6400ರದ್ದೇ, ಚೌಕಟ್ಟು ಹಾಕಿಸಿಕೊಂಡು ಚಾವಡಿಯ ಗೋಡೆಯಲ್ಲಿದೆ. ಬಂದವರು ಹತ್ತಿರ ಹೋಗಿ ನೋಡುತ್ತಾರೆ, ವೇಷ ಯಾರದ್ದು ಎಂದು ಕೇಳುತ್ತಾರೆ. ರವೆಯ ಸುದ್ದಿ ಇದುವರೆಗೆ ಯಾರೂ ಎತ್ತಿಲ್ಲ.